ನೀರು ಮರೆತರೂ ಕಡಲಕಳೆ ಮರೆಯಲ್ಲ

ಮೊದಲೇ ಹೇಳಿಬಿಡ್ತೀನಿ, ಒಂದನೇ ಕ್ಲಾಸಿನಿಂದ ನಾನು ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ಸಂಘದ ಸೀನಿಯರ್‌ಗಳು ತಿದ್ದಿರುತ್ತಾರೆ ಅಂತ ನಂಬಿಕೆ.

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಊರಾಚೆಯ ಹಳ್ಳದ ನೀರಲ್ಲಿ ಸೀಸ, ತಾಮ್ರ, ಸತು ಎಷ್ಟಿದೆ ಅಂತ ನೋಡೋದು. ಹಳ್ಳದ ಪಕ್ಕದಲ್ಲಿ ಪ್ಲೇಟಿಂಗ್ ಮಾಡುವ ಸಣ್ಣ ಸಣ್ಣ ಶೆಡ್‌ಗಳಿವೆ. ಸ್ವಲ್ಪ ಕೆಳಗೆ ಅದೇ ನೀರು ಹಾಯಿಸಿ ಸೊಪ್ಪು ಬೆಳೆಯುತ್ತಾರೆ. ರಿಪೋರ್ಟ್ ಬಂತು: ಮೂರೂ ಲೋಹಗಳು ಮೆಷಿನ್ ಅಳೆಯುವ ಮಿತಿಗಿಂತ ಕಡಿಮೆ. ಖುಷಿಯಾಗಿ ‘ನೀರು ಸುರಕ್ಷಿತ’ ಅಂತ ಸ್ಲೈಡ್ ಹಾಕಿದ್ವಿ. ಮೇಡಂ ಒಂದೇ ಪ್ರಶ್ನೆ ಕೇಳಿದರು: “ನೀರು ತಂದಿದ್ದು ಯಾವತ್ತು?”

ಭಾನುವಾರ. ಶೆಡ್‌ಗಳಿಗೆಲ್ಲ ರಜಾ. ನಾಲ್ಕು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಒಂದು ಬಾಟಲಿ ನೀರು ಅಂದರೆ ಒಂದು ಕ್ಷಣದ ಫೋಟೋ, ಅಷ್ಟೇ. ಸಮುದ್ರ ತೀರದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಉಬ್ಬರದಲ್ಲಿ ಒಂದು ರೀಡಿಂಗ್, ಇಳಿತದಲ್ಲಿ ಇನ್ನೊಂದು, ಮಳೆ ಬಂದ ಮಾರನೇ ದಿನ ಮತ್ತೊಂದು. ಹಾಗಾದರೆ ತಿಂಗಳುಗಟ್ಟಲೆ ಅಲ್ಲೇ ನಿಂತು ನೀರನ್ನು ‘ಸ್ಯಾಂಪಲ್’ ಮಾಡುತ್ತಿರುವ ಯಾವುದಾದರೂ ಜೀವಿ ಇದೆಯಾ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಕಡಲಕಳೆ.

ಇದರಲ್ಲಿ ಹೆಚ್ಚು ಅಧ್ಯಯನ ಆಗಿರುವುದು ಫ್ಯೂಕಸ್ ವೆಸಿಕ್ಯುಲೋಸಸ್ ಎಂಬ ಕಂದು ಬಣ್ಣದ ಕಳೆ. ಯುರೋಪಿನ ತಣ್ಣನೆಯ ಕಡಲ ಬಂಡೆಗಳ ಮೇಲೆ ಬೆಳೆಯುತ್ತದೆ. ಅದಕ್ಕೆ ನಮ್ಮ ಗಿಡಗಳಂಥ ಬೇರಿಲ್ಲ. ಬಂಡೆಗೆ ಕಚ್ಚಿಕೊಳ್ಳೋಕೆ ಬುಡದಲ್ಲಿ ಒಂದು ಹಿಡಿಕೆ ಇದೆ ಅಷ್ಟೇ. ಬೇಕಾದ್ದನ್ನೆಲ್ಲ ಮೈಯಿಂದಲೇ ನೀರಿನಿಂದ ಹೀರಬೇಕು. ಅದರ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಅನ್ನೋ ವಸ್ತು ತುಂಬಾ ಇರುತ್ತದೆ (ಐಸ್‌ಕ್ರೀಮ್ ಗಟ್ಟಿಯಾಗಿರಲಿ ಅಂತ ಹಾಕುತ್ತಾರಲ್ಲ, ಅದೇ). ಆಲ್ಜಿನೇಟ್‌ನ ಕಾರ್ಬಾಕ್ಸಿಲ್ ಗುಂಪುಗಳಿಗೆ ಋಣ ಆವೇಶ, ನೀರಲ್ಲಿ ಕರಗಿದ ತಾಮ್ರ, ಸೀಸ, ಸತುವಿನ ಅಯಾನುಗಳಿಗೆ ಧನ ಆವೇಶ. ಕ್ಯಾಲ್ಸಿಯಂನಂಥವು ಕೂತಿದ್ದ ಜಾಗಕ್ಕೆ ಇವು ಬಂದು ಕೂರುತ್ತವೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನೀರಿನ ಗಡಸುತನ ತೆಗೆಯೋಕೆ ಅಯಾನು ವಿನಿಮಯ ಓದಿದ್ವಲ್ಲ, ಅದನ್ನೇ ಈ ಕಳೆ ಫೀಸ್ ಇಲ್ಲದೆ ಮಾಡುತ್ತಿದೆ. ಆಮೇಲೆ ಸ್ವಲ್ಪ ಭಾಗ ನಿಧಾನವಾಗಿ ಕೋಶದ ಒಳಗೂ ಹೋಗುತ್ತದೆ.

ಹೀಗೆ ಕೂಡಿಟ್ಟುಕೊಂಡು ಕೊನೆಗೆ ಕಳೆಯಲ್ಲಿರುವ ಲೋಹ ನೀರಿಗಿಂತ ಸಾವಿರಾರು ಪಟ್ಟು ಜಾಸ್ತಿ ಆಗುತ್ತದೆ. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ: ಲೀಟರ್ ನೀರಲ್ಲಿ 2 ಮೈಕ್ರೋಗ್ರಾಂ ತಾಮ್ರ, 10,000 ಪಟ್ಟು ಸಂಗ್ರಹ. ಆಗ ಒಣಗಿದ ಕಳೆಯ ಕೆ.ಜಿ.ಗೆ 20 ಮಿಲಿಗ್ರಾಂ. ಮೊದಲನೆಯದನ್ನು ಉಪ್ಪುನೀರಲ್ಲಿ ಅಳೆಯೋದು ಕಷ್ಟ, ಎರಡನೆಯದು ಸಲೀಸು.

1973ರಲ್ಲಿ ಬ್ರಯಾನ್ ಮತ್ತು ಹಮ್ಮರ್‌ಸ್ಟೋನ್ ಎಂಬಿಬ್ಬರು ನೈಋತ್ಯ ಇಂಗ್ಲೆಂಡಿನ ಅಳಿವೆಗಳಲ್ಲಿ ಇದೇ ಕಳೆಯನ್ನು ಸೂಚಕವಾಗಿ ಬಳಸಿ ಪ್ರಬಂಧ ಬರೆದರು. ಜಾಗವೂ ಅದಕ್ಕೆ ಹೇಳಿ ಮಾಡಿಸಿದ್ದು. ಕಾರ್ನ್‌ವಾಲ್‌ನಲ್ಲಿ ಶತಮಾನಗಳಿಂದ ತವರ, ತಾಮ್ರದ ಗಣಿಗಳು. ಅಲ್ಲಿನ ಕಾರ್ನನ್ ನದಿ ಗಣಿ ನೀರನ್ನೆಲ್ಲ ಹೊತ್ತು ರೆಸ್ಟ್ರಾಂಗೆಟ್ ಕ್ರೀಕ್‌ಗೆ ತಂದು ಸುರಿಯುತ್ತದೆ. 1991ರಲ್ಲಿ ವೀಲ್ ಜೇನ್ ಗಣಿ ಮುಚ್ಚಿತು, ನೀರೆತ್ತುವ ಪಂಪುಗಳು ನಿಂತವು, ಒಳಗೆ ನೀರು ಏರಿತು. 1992ರ ಜನವರಿಯಲ್ಲಿ ತಡೆ ಒಡೆದು ಕೋಟಿಗಟ್ಟಲೆ ಲೀಟರ್ ಆಮ್ಲೀಯ ನೀರು ಹೊರಬಂದು ಅಳಿವೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂಥ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತೆ. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಬಣ್ಣವೇ ಇಲ್ಲದೆ ಹರಿದು ಬಂದ ಲೋಹವನ್ನು ನೋಡೋಕೆ ಕಳೆಯೇ ಬೇಕು. ನನಗೆ ಮುಖ್ಯ ಅನ್ನಿಸಿದ್ದು ಇದೇ.

ಆಸ್ಕೋಫಿಲಮ್ ನೋಡೋಸಮ್ ಅಂತ ಇದರ ಇನ್ನೊಂದು ನೆಂಟ ಇದೆ. ಅದರ ಕಾಂಡದಲ್ಲಿ ವರ್ಷಕ್ಕೊಂದು ಗಾಳಿಗುಳ್ಳೆ ಮೂಡುತ್ತದೆ. ಗುಳ್ಳೆ ಎಣಿಸಿದರೆ ವಯಸ್ಸು ಗೊತ್ತಾಗುತ್ತೆ, ಮರದ ಉಂಗುರದ ಥರ! ಹಾಗಂತ ಅದನ್ನು ಡೈರಿಯಂತೆ ಪುಟ ಪುಟ ಓದೋಕಾಗಲ್ಲ. ಹಳೆಯ ಭಾಗ ಹೀರೋದನ್ನು ನಿಲ್ಲಿಸಿರುವುದಿಲ್ಲ.

ಎಡವಟ್ಟು ಆಗುವುದೂ ಸುಲಭ. ಬೇಸಿಗೆಯಲ್ಲಿ ಕಳೆ ಬೇಗ ಬೆಳೆಯುವುದರಿಂದ ಅದೇ ಲೋಹ ಹೆಚ್ಚು ಮೈಗೆ ಹಂಚಿ ತೆಳುವಾಗುತ್ತದೆ, ಚಳಿಗಾಲದಲ್ಲಿ ರೀಡಿಂಗ್ ಏರುತ್ತದೆ. ಮಾಲಿನ್ಯ ಹೆಚ್ಚಾಯ್ತು ಅಂತ ಗಾಬರಿಯಾಗಬಾರದು. ಆದ್ದರಿಂದ ಪ್ರತಿ ವರ್ಷ ಅದೇ ತಿಂಗಳು, ಅದೇ ಎತ್ತರದ ಬಂಡೆ, ಕಳೆಯ ಅದೇ ಭಾಗ. ಅಂಟಿದ ಮಣ್ಣು ಪೂರ್ತಿ ತೊಳೆಯಬೇಕು, ಇಲ್ಲದಿದ್ದರೆ ಅಳೆಯೋದು ಮಣ್ಣಿನ ಲೋಹವನ್ನ. ಇನ್ನೊಂದು, ಕಳೆ ಹೇಳುವುದು ಕರಗಿದ ಲೋಹದ ಕಥೆ ಮಾತ್ರ. ನೀರಲ್ಲಿ ತೇಲುವ ಕಣಗಳ ಲೋಹ ಬೇಕಿದ್ದರೆ ನೀರು ಸೋಸಿ ತಿನ್ನುವ ನೀಲಿಕಲ್ಲು ಥರದ ಚಿಪ್ಪುಜೀವಿಗಳನ್ನು ನೋಡಬೇಕು.

ನಮ್ಮ ಕರಾವಳಿಯ ಬಿಸಿ ನೀರಲ್ಲಿ ಫ್ಯೂಕಸ್ ಇಲ್ಲ. ಕಾರವಾರದ ಕಡೆ ಬಂಡೆಗಳ ಮೇಲೆ ಸರ್ಗಾಸಮ್, ಉಲ್ವಾ ಸಿಗುತ್ತವೆ. ಸರ್ಗಾಸಮ್ ಕೂಡ ಕಂದು ಕಳೆಯೇ, ಆಲ್ಜಿನೇಟ್ ಇರುವಂಥದ್ದೇ.

ನಮ್ಮ ಹಳ್ಳದಲ್ಲಿ ಕಡಲಕಳೆ ಎಲ್ಲಿಂದ ಬರಬೇಕು? ಆದರೆ ಕಲ್ಲಿಗೆ ಅಂಟಿದ ಹಸಿರು ಪಾಚಿ ಬೇಕಾದಷ್ಟಿದೆ. ಶೆಡ್‌ಗಳ ಮೇಲ್ಗಡೆಯಿಂದ ಒಂದಿಷ್ಟು, ಸೊಪ್ಪಿನ ಮಡಿಗಳ ಹತ್ತಿರದಿಂದ ಒಂದಿಷ್ಟು ಕೆರೆದು ತಂದು, ಒಣಗಿಸಿ, ನೈಟ್ರಿಕ್ ಆ್ಯಸಿಡ್‌ನಲ್ಲಿ ಕರಗಿಸಿ ಎರಡನ್ನೂ ಹೋಲಿಸಬೇಕು ಅಂತಿದ್ದೇವೆ. ಮೇಡಂ ಒಪ್ಪಿದ್ದಾರೆ. ಆ್ಯಸಿಡ್ ಕೊಡೋಕೆ ಲ್ಯಾಬ್‌ನವರು ಇನ್ನೂ ಒಪ್ಪಿಲ್ಲ.