ಪವರ್ ಸಪ್ಲೈಗೆ ಜಿಪುಣತನ ಬೇಡ

ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟ ಹುಡುಗರು ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ಉಳಿದದ್ದರಲ್ಲಿ ಪವರ್ ಸಪ್ಲೈ ಕೊಳ್ಳುವುದುಂಟು. ಓವರ್‌ಕ್ಲಾಕ್ ಮಾಡುವ, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ ಆಸೆಯಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಕಳಪೆ ಪವರ್ ಸಪ್ಲೈ ಕೆಟ್ಟರೆ ಮದರ್‌ಬೋರ್ಡನ್ನೂ ಕಾರ್ಡನ್ನೂ ಸುಟ್ಟುಹಾಕಬಹುದು. ಡಬ್ಬಿಯ ಮೇಲಿನ ‘80 ಪ್ಲಸ್ ಗೋಲ್ಡ್’ ಎಂಬುದು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎನ್ನುವುದರ ಗುರುತೇ ಹೊರತು ಬಾಳಿಕೆಯ ಖಾತರಿಯಲ್ಲ. 105 ಡಿಗ್ರಿ ತಾಳುವ ಕೆಪಾಸಿಟರ್ ಇದೆಯೇ, ವಾರಂಟಿ 7–10 ವರ್ಷ ಇದೆಯೇ ಎಂದು ವಿಚಾರಿಸಿ. ಬೇಕಾದ್ದಕ್ಕಿಂತ ನೂರಿನ್ನೂರು ವ್ಯಾಟ್ ಹೆಚ್ಚೇ ಇರಲಿ.

ಓವರ್‌ಕ್ಲಾಕ್ ಮಾಡಲು ಇಂಟೆಲ್ ಆದರೆ ಹೆಸರಿನಲ್ಲಿ ‘ಕೆ’ ಇರುವ ಪ್ರೊಸೆಸರ್, ‘ಝಡ್’ ಸರಣಿಯ ಬೋರ್ಡ್ ಎರಡೂ ಬೇಕು. ಎಎಂಡಿಗೆ ‘ಬಿ’ ಸರಣಿಯ ಬೋರ್ಡೂ ಆದೀತು. ಪ್ರೊಸೆಸರ್ ಸುತ್ತಲಿನ ವಿಆರ್‌ಎಂ (ವೋಲ್ಟೇಜ್ ನಿಯಂತ್ರಕ) ಮೇಲೆ ದಪ್ಪ ಹೀಟ್‌ಸಿಂಕ್ ಇರಲೇಬೇಕು. ಕೂಲರ್ ವಿಷಯದಲ್ಲಿ ನನ್ನ ಮತ ಒಳ್ಳೆಯ ಏರ್ ಕೂಲರ್‌ಗೆ: ಕೆಟ್ಟರೆ ಫ್ಯಾನ್ ಒಂದೇ, ಬದಲಿಸಿದರಾಯಿತು.

ವೇಗಕ್ಕಿಂತ ವೋಲ್ಟೇಜಿಗೆ ಹೆದರಿ. ವೋಲ್ಟೇಜ್ ಶೇ. 10 ಏರಿಸಿದರೆ ಅದೇ ವೇಗದಲ್ಲೂ ಚಿಪ್ ನುಂಗುವ ವಿದ್ಯುತ್ ಸುಮಾರು ಶೇ. 20 ಏರುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹಾಳಾದದ್ದು ಅತಿ ವೋಲ್ಟೇಜಿನಿಂದಲೇ. 2024ರಲ್ಲಿ ಮೈಕ್ರೊಕೋಡ್ ತಿದ್ದುಪಡಿ ಬಂದರೂ ಆಗಲೇ ಕೆಟ್ಟ ಚಿಪ್‌ಗಳು ಸರಿಹೋಗಲಿಲ್ಲ. ಅಂಥ ಪ್ರೊಸೆಸರ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ವಾರಂಟಿ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡೇ ಹಣ ಕೊಡಿ.