ಮೊದಲು ಅದರ ಬೆನ್ನು ನೋಡು

ಪುಟ್ಟೀ, ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಒಂದೊಂದನ್ನೂ ನೋಡಿದೆ. ಪ್ಯಾರಿಸ್ಸಿನ ಸ್ಯಾಂತುವಾಂ ಹಳೇ ಸಾಮಾನಿನ ಸಂತೆಯಲ್ಲಿ ನಿನ್ನ ಕಣ್ಣಿಗೆ ಬಿದ್ದ ಆ ಗಡಿಯಾರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಪೀಠಕ್ಕೆ ಒರಗಿ ಕೂತ ಹೆಣ್ಣು, ಅವಳ ಕೈಯಲ್ಲಿ ಲೈರ್ ವಾದ್ಯ, ಪಕ್ಕದಲ್ಲಿ ರೆಕ್ಕೆಯ ಮಗು, ಕೆಳಗೆ ಹೂಮಾಲೆಯ ಪಟ್ಟಿಕೆ. ಅಂಗಡಿಯವರು “ನೆಪೋಲಿಯನ್ ಕಾಲದ್ದು, ಆಗಿನ ಹೆಸರಾಂತ ಕಂಚಿನ ಕುಶಲಕರ್ಮಿ ತೊಮೀರನ ಕೆಲಸ” ಎಂದರಂತೆ. ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅಷ್ಟು ಫೋಟೋಗಳಲ್ಲಿ ಒಂದೂ ಹಿಂಭಾಗದ್ದಿಲ್ಲವಲ್ಲ! ದುಡ್ಡಿನ ಮಾತಾಡುವ ಮೊದಲು ಗಡಿಯಾರವನ್ನು ತಿರುಗಿಸಿ ನಿಲ್ಲಿಸಲು ಹೇಳು. ಇಂಥ ಗಡಿಯಾರಗಳ ಮುಖ ಕೊಳ್ಳುವವರಿಗಾಗಿ ಮಾಡಿದ್ದು. ಮಾಡಿದವರ ಕೈಗುರುತು ಇರುವುದು ಬೆನ್ನಿನಲ್ಲಿ.

ನನ್ನ ಮಾತುಗಳಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ಇಟ್ಟುಕೋ. ಯಂತ್ರ ನಿಂತಿದ್ದರೆ ಹೆದರಬೇಡ, ಚಿನ್ನ ಉಜ್ಜಿಹೋಗಿದ್ದರೆ ಕೊಳ್ಳಬೇಡ. ನಿಂತ ಯಂತ್ರವನ್ನು ಬಲ್ಲವರು ಮತ್ತೆ ನಡೆಸುತ್ತಾರೆ. ಚಕ್ರದ ಮುರಿದ ಹಲ್ಲನ್ನು ಹೊಸದಾಗಿ ಕೊರೆದು ಕೂರಿಸಬಹುದು, ಸ್ಪ್ರಿಂಗ್ ಬದಲಿಸಬಹುದು. ಹೋದ ಚಿನ್ನದ ಮುಲಾಮನ್ನು ಮೊದಲಿದ್ದಂತೆ ತಂದುಕೊಡುವುದು ಆಗದ ಕೆಲಸ. ಅಂಗಡಿಗಳಲ್ಲಿ ಇದರ ತಲೆಕೆಳಗು ನಡೆಯುತ್ತದೆ. ಟಿಕ್ ಟಿಕ್ ಎನ್ನುವ ಗಡಿಯಾರಕ್ಕೆ ಬೆಲೆ ಏರಿಸುತ್ತಾರೆ, ನಿಂತದ್ದನ್ನು ಮೂಲೆಗೆ ಸರಿಸುತ್ತಾರೆ. ಆ ಮೂಲೆಯಲ್ಲೂ ಒಮ್ಮೆ ಕಣ್ಣಾಡಿಸು.

ಮುಲಾಮಿಗೆ ನಾನು ಇಷ್ಟು ಬೆಲೆ ಕೊಡುವುದೇಕೆ ಎಂದು ತಿಳಿಯಬೇಕಾದರೆ ಅದನ್ನು ಹೇಗೆ ಹಾಕುತ್ತಿದ್ದರು ಎಂಬುದು ನಿನಗೆ ಗೊತ್ತಿರಬೇಕು. ಚೂರು ಮಾಡಿದ ಚಿನ್ನವನ್ನು ಬಿಸಿ ಪಾದರಸಕ್ಕೆ ಹಾಕಿದರೆ ಎರಡೂ ಬೆರೆತು ಬೆಣ್ಣೆಯಂಥ ಮುದ್ದೆಯಾಗುತ್ತದೆ. ಎರಕ ಹೊಯ್ದು, ಚಾಣದಿಂದ ತಿದ್ದಿ, ಆಸಿಡ್ಡಿನಲ್ಲಿ ತೊಳೆದ ಕಂಚಿನ ಮೇಲೆ ಆ ಮುದ್ದೆಯನ್ನು ತಂತಿಯ ಕುಂಚದಿಂದ ಬಳಿದು ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗಿ ಹೋಗುತ್ತಿತ್ತು, ಚಿನ್ನ ಕಂಚಿಗೆ ಕಚ್ಚಿಕೊಳ್ಳುತ್ತಿತ್ತು. ದಪ್ಪ ಬೇಕಾದರೆ ಮತ್ತೆ ಬಳಿಯುವುದು, ಮತ್ತೆ ಕಾಯಿಸುವುದು. ಕೊನೆಗೆ ಹೊಳೆಯಬೇಕಾದ ಅಂಚು, ಕಿರೀಟ, ವಾದ್ಯದ ಕೊಂಬುಗಳಿಗೆ ಅಗೇಟ್ ಕಲ್ಲಿನಿಂದ ತಿಕ್ಕಿ ಒಪ್ಪ ಹಾಕುತ್ತಿದ್ದರು. ಮೈ ಮತ್ತು ಬಟ್ಟೆಯ ಮಡಿಕೆಗಳನ್ನು ಹೊಳಪಿಲ್ಲದೆ ಮೆತ್ತಗೆ ಬಿಡುತ್ತಿದ್ದರು. ಹೊಳೆಯುವ ಚಿನ್ನದ ಪಕ್ಕದಲ್ಲೇ ಹೊಳೆಯದ ಚಿನ್ನ. ಒಳ್ಳೆಯ ಫ್ರೆಂಚ್ ಕೆಲಸದ ಚೆಲುವೆಲ್ಲ ಇರುವುದು ಇಲ್ಲಿಯೇ. ಆ ಮೆತ್ತನೆಯ ಮುಲಾಮಿನ ಕೀರ್ತಿ ಪಿಯೇರ್ ಗೂತಿಯೇರ್ ಎಂಬ ಕುಶಲಕರ್ಮಿಗೆ ಸಲ್ಲುತ್ತದೆ. ಶಿಲ್ಪಿ ಬ್ವಾಝೊನ ವಿನ್ಯಾಸದಂತೆ ಆತ 1771ರಲ್ಲಿ ಮಾಡಿದ ಅವಿಞೋನ್ ಗಡಿಯಾರ ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿದೆ. ಅವಿಞೋನ್ ನಗರವೂ ಅಲ್ಲಿ ಹರಿಯುವ ರೋನ್, ದ್ಯುರಾನ್ಸ್ ನದಿಗಳೂ ಅದರಲ್ಲಿ ಮನುಷ್ಯರೂಪ ತಾಳಿ ಕೂತಿವೆ. ಲಂಡನ್ನಿಗೆ ಹೋದಾಗ ತಪ್ಪದೆ ನೋಡು. ರಾಜಮನೆತನಕ್ಕೆ ಕೆಲಸ ಮಾಡಿದ ಆ ಮನುಷ್ಯ 1813ರಲ್ಲಿ ಕಡುಬಡತನದಲ್ಲಿ ತೀರಿಕೊಂಡ.

ಆವಿಯಾಗಿ ಹೋದ ಪಾದರಸ ಎಲ್ಲಿಗೆ ಹೋಯಿತು? ಕುಲುಮೆಯ ಮುಂದೆ ಕೂತವರ ಎದೆಯೊಳಕ್ಕೆ. ಮುಲಾಮಿನವರ ಕೈ ನಡುಗುತ್ತಿತ್ತು, ವಸಡು ಹುಣ್ಣಾಗಿ ಹಲ್ಲು ಉದುರುತ್ತಿದ್ದವು, ಅನೇಕರು ಅಕಾಲದಲ್ಲಿ ಸಾಯುತ್ತಿದ್ದರು. ಪ್ಯಾರಿಸ್ಸಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ರಾವ್ರಿಯೊ ಎಂಬ ದೊಡ್ಡ ಕಂಚಿನ ವ್ಯಾಪಾರಿ 1814ರಲ್ಲಿ ತೀರಿಕೊಂಡಾಗ ಆತನ ಉಯಿಲಿನಲ್ಲಿ 3000 ಫ್ರಾಂಕ್ ಒಂದು ಬಹುಮಾನಕ್ಕಾಗಿ ಮೀಸಲಾಗಿತ್ತು: ಮುಲಾಮಿನವರನ್ನು ಈ ವಿಷದಿಂದ ಕಾಪಾಡುವ ದಾರಿ ಕಂಡುಹಿಡಿದವರಿಗೆ ಅದು ಸಲ್ಲಬೇಕು ಎಂದು. ತನ್ನ ಸಂಪತ್ತು ಯಾರ ಉಸಿರಿನಿಂದ ಬಂತೆಂದು ಆತ ಬಲ್ಲವನಾಗಿದ್ದ. ಆ ಬಹುಮಾನ 1818ರಲ್ಲಿ ದಾರ್ಸೆ ಎಂಬ ರಸಾಯನಶಾಸ್ತ್ರಜ್ಞನಿಗೆ ಸಿಕ್ಕಿತು. ಬೆಂಕಿಯ ಬಿಸಿಯಿಂದಲೇ ಗಾಳಿ ಜೋರಾಗಿ ಮೇಲಕ್ಕೆಳೆದು ವಿಷದ ಆವಿ ಚಿಮಣಿಯಲ್ಲಿ ಹೋಗುವಂಥ ಕುಲುಮೆಯನ್ನು ಅವನು ರೂಪಿಸಿದ್ದ. ಮುಂದೆ 1840ರ ದಶಕದಲ್ಲಿ ವಿದ್ಯುತ್ತಿನಿಂದ ಚಿನ್ನ ಹಾಕುವ ವಿಧಾನ ಬಂತು, ಇಂಗ್ಲೆಂಡಿನ ಎಲ್ಕಿಂಗ್‌ಟನ್ ಪಡೆದ ಪೇಟೆಂಟಿನ ಹಕ್ಕನ್ನು ಫ್ರಾನ್ಸಿನಲ್ಲಿ ಕ್ರಿಸ್ತೋಫ್ಲ್ ಕೊಂಡ. ಕೆಂಡದ ಮೇಲಿನ ಮುಲಾಮು ಮೆಲ್ಲಮೆಲ್ಲನೆ ಕಣ್ಮರೆಯಾಯಿತು. ಆದದ್ದು ಒಳ್ಳೆಯದೇ ಆಯಿತು. ಮನುಷ್ಯರ ಪ್ರಾಣ ತೆಗೆಯುವ ಚೆಲುವು ಮತ್ತೆ ಬರಬೇಕೆಂದು ನಾನಂತೂ ಬಯಸಲಾರೆ. ಆದರೆ ಅಂಥ ಬೆಲೆ ತೆತ್ತು ಹಾಕಿದ ಚಿನ್ನ ನಮ್ಮ ಕೈಗೆ ಬಂದಾಗ ಅದನ್ನು ನಾವು ತಿಕ್ಕಿ ಕಳೆಯುವುದು ತಪ್ಪು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆಯ ಅಭ್ಯಾಸ. ಹಬ್ಬ ಬಂತೆಂದರೆ ದೀಪದ ಕಂಬ, ಹಿತ್ತಾಳೆ ಚೊಂಬುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ, ಪೀತಾಂಬರಿ ಪುಡಿಯಲ್ಲಿ ತಿಕ್ಕಿ ಬೆಳಗುವುದನ್ನು ನೋಡಿ ಬೆಳೆದವಳು ನೀನು. ಮಂಕಾದ ಲೋಹ ಕಂಡರೆ ನಮ್ಮ ಕೈ ತಾನಾಗಿ ತಿಕ್ಕಲು ಹೋಗುತ್ತದೆ. ಈ ಗಡಿಯಾರದ ಹತ್ತಿರ ಆ ಕೈಯನ್ನು ಬಿಡಬೇಡ. ಹಿತ್ತಾಳೆ ಪಾಲಿಶ್ ಅಂತೂ ಸುಳಿಯಲೇ ಕೂಡದು. ಹಿತ್ತಾಳೆಯಲ್ಲಿ ತಿಕ್ಕಿದಷ್ಟೂ ಕೆಳಗೆ ಹಿತ್ತಾಳೆಯೇ ಇರುತ್ತದೆ. ಇಲ್ಲಿ ತೆಳ್ಳನೆಯ ಚಿನ್ನದ ಕೆಳಗಿರುವುದು ಕಂಚು, ಒಮ್ಮೆ ಅದು ಮೇಲೆ ಬಂದರೆ ಮತ್ತೆ ಮುಚ್ಚಲಾಗದು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಮಸಿ ಕಟ್ಟಿದ್ದರೆ ವಸ್ತುಸಂಗ್ರಹಾಲಯಗಳಿಗೆ ಲೋಹ ಸಂರಕ್ಷಣೆ ಮಾಡಿಕೊಡುವವರ ಕೈಗೆ ಒಪ್ಪಿಸು. ಮೂಗಿನ ತುದಿ, ಮೊಣಕಾಲು, ಎತ್ತಿ ಹಿಡಿಯುವ ಅಂಚು, ಇಂಥ ಕಡೆ ಚಿನ್ನ ಸ್ವಲ್ಪ ಸವೆದು ಕಂದು ಕಂಡರೆ ಅದೇನೂ ದೋಷವಲ್ಲ, ಎರಡು ನೂರು ವರ್ಷದ ಬಾಳು ಅದು. ನಾನು ಹೆದರುವುದು ಮೂಲೆ ಸಂದಿಯೆಲ್ಲ ಒಂದೇ ಸಮ ಹೊಸ ಒಡವೆಯ ಹಾಗೆ ಥಳಥಳಿಸುವ ಗಡಿಯಾರಕ್ಕೆ. ಹಳೆಯ ಮುಲಾಮು ತೆಗೆದು ವಿದ್ಯುತ್ತಿನಿಂದ ಹೊಸದು ಹಾಕಿಸಿದಾಗ ಹಾಗೆ ಕಾಣುತ್ತದೆ.

ಇನ್ನು ಬೆನ್ನು. ಬೊಂಬೆಯ ಒಳಬದಿಗೆ, ಪೀಠದ ಪಟ್ಟಿಕೆಗಳ ಹಿಂಬದಿಗೆ ಟಾರ್ಚ್ ಬಿಡು. ಪಾದರಸದ ಮುಲಾಮನ್ನು ಕಾಣುವ ಕಡೆ ಮಾತ್ರ ಬಳಿಯುತ್ತಿದ್ದರು, ಚಿನ್ನ ಸುಮ್ಮನೆ ಪೋಲಾಗಲು ಯಾರೂ ಬಿಡುತ್ತಿರಲಿಲ್ಲ. ಹಾಗಾಗಿ ಹಿಂಬದಿಯಲ್ಲಿ ಬರಿಯ ಕಂಚು, ಅಂಚಿನಲ್ಲಿ ಅಲ್ಲಲ್ಲಿ ಒಳಕ್ಕೆ ಹರಿದ ಚಿನ್ನದ ಕಲೆ ಇರಬೇಕು. ಒಳಗೂ ಹೊರಗೂ ಒಂದೇ ಹಳದಿ ಇದ್ದರೆ ಅದು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಹಾಕಿದ್ದು. ಹಾಗಿದ್ದಲ್ಲಿ ಒಂದೋ ಗಡಿಯಾರ 1840ರ ಈಚಿನದು, ಇಲ್ಲವೇ ಈಚೆಗೆ ಯಾರೋ ಮತ್ತೆ ಮುಲಾಮು ಹಾಕಿಸಿದ್ದಾರೆ. ಪೀಠದ ತಳದಲ್ಲಿ, ಯಾರಿಗೂ ಕಾಣದ ಕಡೆ, ಒಂದು ಹಳೆಯ ಗೀರು ಹುಡುಕು. ಗೀರು ಹಳದಿಯಾಗಿದ್ದರೆ ಕಂಚು. ಬೂದು ಬಿಳುಪಾಗಿದ್ದರೆ ಸತುವಿನ ಎರಕ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಅಂಥ ಅಗ್ಗದ ಗಡಿಯಾರಗಳನ್ನು ರಾಶಿರಾಶಿಯಾಗಿ ಮಾಡಿದರು. ಕೆಲವರು ಆಯಸ್ಕಾಂತ ಹಿಡಿದು ತೋರಿಸಿ “ನೋಡಿ, ಅಂಟುವುದಿಲ್ಲ, ಕಂಚೇ” ಎನ್ನುತ್ತಾರೆ. ಸತುವಿಗೂ ಆಯಸ್ಕಾಂತ ಅಂಟುವುದಿಲ್ಲ ತಾಯೀ. ಉಗುರಿನಿಂದ ಮೆಲ್ಲಗೆ ತಟ್ಟಿ ಕೇಳು, ಕಂಚು ನಾದ ಕೊಡುತ್ತದೆ, ಸತು ದಡ್ ಎನ್ನುತ್ತದೆ.

ಹಿಂದಿನ ಮುಚ್ಚಳ ತೆರೆದರೆ ಹಿತ್ತಾಳೆಯ ದುಂಡು ತಟ್ಟೆ ಕಾಣುತ್ತದೆ. ಅದರ ಮೇಲೆ ಒತ್ತಿದ ಸಂಖ್ಯೆ ಇದ್ದರೆ ಬರೆದುಕೋ. ಆಮೇಲೆ ಲೋಲಕವನ್ನು ಕಳಚಿ ಅದರ ಬಿಲ್ಲೆ ನೋಡು. ಎರಡರ ಸಂಖ್ಯೆಯೂ ಒಂದೇ ಆಗಿದ್ದರೆ ಇಬ್ಬರೂ ಹುಟ್ಟಿನಿಂದ ಜೊತೆಗಿರುವವರು. ಲೋಲಕ ಬೇರೆಯದಾಗಿದ್ದರೆ ಕೊಳ್ಳಲೇಬಾರದು ಅಂತಿಲ್ಲ, ಬೆಲೆ ಇಳಿಸಲು ಕೇಳಬಹುದು. ತಟ್ಟೆಯ ಮೇಲೆ ಪಕ್ಕದಲ್ಲಿ ಇನ್ನೆರಡು ಚಿಕ್ಕ ಅಂಕಿಗಳಿರಬಹುದು, 4 ಮತ್ತು 9 ಎಂದಿದ್ದರೆ ಲೋಲಕದ ಉದ್ದ ಹಳೆಯ ಫ್ರೆಂಚ್ ಅಳತೆಯಲ್ಲಿ 4 ಪೂಸ್ 9 ಲೀಞ್ ಎಂದರ್ಥ. ದುಂಡನೆಯ ಮೊಹರಿನಲ್ಲಿ ಜಾಪಿ ಅಥವಾ ವಿನ್ಸೆಂಟಿ ಎಂಬ ಹೆಸರೂ 1855ರ ಪದಕದ ಮಾತೂ ಇದ್ದರೆ ಅದು ವಸ್ತುಪ್ರದರ್ಶನದಲ್ಲಿ ಯಂತ್ರ ತಯಾರಕರಿಗೆ ಬಂದ ಬಹುಮಾನದ ವರ್ಷ, ಗಡಿಯಾರ ಹುಟ್ಟಿದ ವರ್ಷವಲ್ಲ. ಆ ಮೊಹರನ್ನು ಅವರು ಮುಂದೆ ಬಹುಕಾಲ ಒತ್ತಿದರು. ಅಂಗಡಿಯವರು ನೆಪೋಲಿಯನ್ ಹೆಸರು ಹೇಳುವಾಗ ಅಂಥ ಮೊಹರು ಕಂಡರೆ, ಒಂದೋ ಇಡೀ ಗಡಿಯಾರ ಈಚಿನದು, ಇಲ್ಲವೇ ಹಳೆಯ ಕಂಚಿನೊಳಗೆ ಹೊಸ ಯಂತ್ರ ಕೂತಿದೆ. ಲೋಲಕ ಯಾವುದಕ್ಕೆ ನೇತುಬಿದ್ದಿದೆ ಎಂಬುದನ್ನೂ ಗಮನಿಸು. ನೆಪೋಲಿಯನ್ ಕಾಲದ್ದರಲ್ಲಿ ರೇಷ್ಮೆ ದಾರ ಇರಬೇಕು. ತೆಳ್ಳನೆಯ ಉಕ್ಕಿನ ಪಟ್ಟಿಯೂ ಅದನ್ನು ಮೇಲೆ ಕೆಳಗೆ ಸರಿಸುವ ಪುಟ್ಟ ತಿರುಪೂ ಇದ್ದರೆ ಅದು ಬ್ರೊಕೊ ಎಂಬಾತನ ಸಾಧನ, 1840ರ ದಶಕದಿಂದೀಚೆಗೆ ರೂಢಿಗೆ ಬಂದದ್ದು. ದಾರ ತುಂಡಾದಾಗ ಬ್ರೊಕೊ ಹಾಕಿಸಿಕೊಂಡ ಹಳೆಯ ಗಡಿಯಾರಗಳೂ ಇವೆ. ಹಾಗಿದ್ದರೆ ತಟ್ಟೆಯಲ್ಲಿ ಮೊದಲಿನ ಸಾಧನದ ಖಾಲಿ ತೂತುಗಳು ಉಳಿದಿರುತ್ತವೆ.

ಡಯಲ್ ಮೇಲಿನ ಹೆಸರಿಗೆ ಮರುಳಾಗಬೇಡ. ಅದು ಬಹುಪಾಲು ಯಂತ್ರ ಜೋಡಿಸಿ ಮಾರಿದ ಗಡಿಯಾರದವನದು, ಕಂಚಿನ ಕೆಲಸದವನದಲ್ಲ. ಶಿಲ್ಪಿ ಮಾದರಿ ಮಾಡುತ್ತಿದ್ದ, ಎರಕದವರು ಹೊಯ್ಯುತ್ತಿದ್ದರು, ಚಾಣದವರು ತಿದ್ದುತ್ತಿದ್ದರು, ಮುಲಾಮಿನವರು ಚಿನ್ನ ಹಾಕುತ್ತಿದ್ದರು, ಡಯಲ್ಲಿನ ಬಿಳಿ ಎನಾಮೆಲ್ ಸುಡುವವರೇ ಬೇರೆ. ಫ್ರೆಂಚ್ ಕ್ರಾಂತಿಗೆ ಮುಂಚೆ ಎರಕದವರಿಗೂ ಮುಲಾಮಿನವರಿಗೂ ಬೇರೆಬೇರೆ ಸಂಘಗಳಿದ್ದವು. 1791ರಲ್ಲಿ ಸಂಘಗಳನ್ನೆಲ್ಲ ರದ್ದು ಮಾಡಿದ ಮೇಲೆಯೇ ತೊಮೀರನಂಥವರು ಎಲ್ಲ ಕೆಲಸವನ್ನೂ ಒಂದೇ ಸೂರಿನಡಿ ತಂದು ದೊಡ್ಡ ಕಾರ್ಖಾನೆ ಕಟ್ಟಲು ಸಾಧ್ಯವಾದದ್ದು. ಒಳ್ಳೆಯ ಕಂಚುಗಳಲ್ಲಿ ಬಹಳಷ್ಟಕ್ಕೆ ಸಹಿಯೇ ಇಲ್ಲ. ಆದ್ದರಿಂದ ತೊಮೀರನ ಹೆಸರಿಗೆಂದು ಹೆಚ್ಚು ದುಡ್ಡು ಕೇಳಿದರೆ, ಸಹಿ ಎಲ್ಲಿದೆ ತೋರಿಸಿ ಎಂದು ಕೇಳು. ಸಹಿ ಇಲ್ಲದಿದ್ದರೆ ಕೆಲಸಕ್ಕೆ ತಕ್ಕ ಬೆಲೆ ಕೊಡು, ಹೆಸರಿಗೆ ಕೊಡಬೇಡ.

ಕೆಲಸ ಅಳೆಯಲು ಭೂತಗನ್ನಡಿ ಹಿಡಿ. ರೆಕ್ಕೆಯ ಗರಿ ಒಂದೊಂದೂ ಬೇರೆಯಾಗಿ ಎದ್ದಿದೆಯೇ? ಜಡೆಯ ಎಳೆ, ಕಾಲುಬೆರಳಿನ ಉಗುರು, ಲೈರ್ ವಾದ್ಯದ ತಂತಿ ಕಟ್ಟುವ ಗೂಟ, ಇವೆಲ್ಲ ಚಾಣ ಮುಟ್ಟಿದ ಹಾಗೆ ಚುರುಕಾಗಿವೆಯೇ? ಹಳೆಯ ಗಡಿಯಾರದ ಮೇಲೇ ಅಚ್ಚು ತೆಗೆದು ಹೊಯ್ದ ನಕಲಾದರೆ ಈ ಅಂಚುಗಳೆಲ್ಲ ಮೊಂಡಾಗಿರುತ್ತವೆ, ಲೋಹ ಆರುವಾಗ ಕುಗ್ಗುವುದರಿಂದ ಅಳತೆಯಲ್ಲೂ ಮೂಲಕ್ಕಿಂತ ಸ್ವಲ್ಪ ಚಿಕ್ಕದಿರುತ್ತದೆ.

ಬೊಂಬೆಯ ಕಥೆಯನ್ನೂ ತಿಳಿದುಕೋ ಮಗಳೇ, ಬರೀ ಅಲಂಕಾರ ಎಂದು ಬಿಡಬೇಡ. 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪಾಂಪೇಯ ಅಗೆತ ಶುರುವಾದ ಮೇಲೆ ಬೂದಿಯಡಿಯಿಂದ ಎದ್ದುಬಂದ ಆ ಹಳೆಯ ರೋಮನ್ ಊರುಗಳ ದೀಪ, ಪೀಠ, ಗೋಡೆಚಿತ್ರಗಳು ಯುರೋಪಿನ ಕಣ್ಣನ್ನೇ ಬದಲಿಸಿದವು. ಬಳುಕುವ ಬಳ್ಳಿಗಳ ಜಾಗಕ್ಕೆ ನೇರ ಗೆರೆ, ಕಂಬ, ಲಾರೆಲ್ ಎಲೆಯ ಮಾಲೆ ಬಂದವು. ಚಿತ್ರಕಾರ ದಾವೀದ್ ಬರೆದ ಹೊರೇಷಿಯಸ್ ಸೋದರರ ಪ್ರತಿಜ್ಞೆಯ ಚಿತ್ರ 1785ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂತು. ತಂದೆಯ ಕೈಯಲ್ಲಿನ ಕತ್ತಿಗಳತ್ತ ಮೂವರು ಮಕ್ಕಳು ಕೈ ಚಾಚುವ ಆ ದೃಶ್ಯ ಮುಂದೆ ಅಗ್ಗಿಷ್ಟಿಕೆಯ ಮೇಲಿನ ಗಡಿಯಾರವಾಗಿಯೂ ಮೂಡಿತು. ಬೆಳಿಗ್ಗೆ ಎದ್ದು ಗಂಟೆ ಎಷ್ಟೆಂದು ನೋಡಿದವರಿಗೆ ದೇಶಕ್ಕಾಗಿ ಪ್ರಾಣ ಕೊಡುವ ಮಾತು ಕಣ್ಣಿಗೆ ಬೀಳಲಿ ಎಂಬ ಆಸೆ ಅದರಲ್ಲಿತ್ತು. ನಿನ್ನ ಗಡಿಯಾರದವಳು, ಲೈರ್ ಮತ್ತು ರೆಕ್ಕೆಯ ಮಗು ಕ್ಯೂಪಿಡ್ ಜೊತೆಗಿರುವುದರಿಂದ, ಪ್ರೇಮಕಾವ್ಯದ ದೇವತೆ ಎರಾಟೊ ಇರಬೇಕೆಂದು ನನಗೆ ತೋರುತ್ತದೆ. ಪೀಠದ ಪಟ್ಟಿಕೆಯಲ್ಲಿ ಬಾಣ, ಪಂಜು, ಪಾರಿವಾಳ ಏನಾದರೂ ಇದ್ದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಪಟ್ಟಿಕೆಗೂ ಬೊಂಬೆಗೂ ಕಥೆ ಹೊಂದದಿದ್ದರೆ ಎರಡು ಗಡಿಯಾರದ ಭಾಗ ಸೇರಿಸಿದ್ದಾರೋ ಎಂದು ಶಂಕಿಸು.

ತೀರ್ಮಾನಕ್ಕೆ ಮುಂಚೆ ಒಂದು ದಿನ ಬೆಲ್ಜಿಯಮ್ಮಿನ ಮೊನ್ಸ್ ಊರಿಗೆ ಹೋಗಿ ಬಾ. ಅಲ್ಲಿನ ಫ್ರಾಂಸ್ವಾ ಡ್ಯೂಸ್‌ಬರ್ಗ್ ಸಂಗ್ರಹಾಲಯದಲ್ಲಿ ಇದೇ ಕಾಲದ ಫ್ರೆಂಚ್ ಗಡಿಯಾರಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಳ್ಳೆಯದನ್ನು ಕಣ್ತುಂಬ ನೋಡಿ ಬಂದವರಿಗೆ ಸಂತೆಯಲ್ಲಿ ಮೋಸ ಮಾಡುವುದು ಕಷ್ಟ.

ಕೊಂಡೆ ಅಂತಾದರೆ, ಅಂಗಡಿಯಲ್ಲೇ ಲೋಲಕ ಕಳಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿಸು. ಲೋಲಕ ತೂಗುಬಿಟ್ಟುಕೊಂಡೇ ಹೊತ್ತು ತಂದರೆ ದಾರವೋ ಪಟ್ಟಿಯೋ ಮುರಿಯುತ್ತದೆ. ಎತ್ತುವಾಗ ಪೀಠದ ಕೆಳಗೆ ಎರಡೂ ಕೈ ಕೊಡು, ಬೊಂಬೆಯ ತೋಳು ಹಿಡಿದು ಎತ್ತಬೇಡ; ಬೊಂಬೆಯನ್ನು ಪೀಠಕ್ಕೆ ಹಿಡಿದಿರುವುದು ಒಳಗಿನ ತಿರುಪುಗಳು ಮಾತ್ರ. ಹತ್ತಿಯ ಕೈಗವಸು ಹಾಕಿಕೋ, ಬೆವರು ಚಿನ್ನದ ಮೇಲೆ ಗುರುತು ಬಿಡುತ್ತದೆ. ಗಾಜಿನ ಗುಮ್ಮಟ ಸಿಕ್ಕರೆ ಅದನ್ನೂ ಬಿಡಬೇಡ. ಅಗ್ಗಿಷ್ಟಿಕೆಯ ಮಸಿಯಿಂದ ಇಷ್ಟು ವರ್ಷ ಮುಲಾಮನ್ನು ಉಳಿಸಿದ್ದು ಅದೇ. ಯಂತ್ರಕ್ಕೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಏನನ್ನೂ ಬಿಡಬೇಡ, ಗಡಿಯಾರ ಬಲ್ಲವರು ಬಿಚ್ಚಿ ತೊಳೆದು ತಮ್ಮ ಎಣ್ಣೆ ಹಾಕಲಿ.

ಮನೆಯಲ್ಲಿ ಸಮತಟ್ಟಾದ ಕಡೆ ಇಟ್ಟು ಲೋಲಕ ತೂಗಿಸಿ ಕಿವಿಗೊಡು. ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಎರಡು ಕಡೆಯೂ ಸಮ ಇರಬೇಕು, ಕುಂಟುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡ. ಮುಂದಕ್ಕೆ ತಿರುಗಿಸುವಾಗಲೂ ಪ್ರತಿ ಗಂಟೆ, ಅರ್ಧ ಗಂಟೆಗೆ ನಿಂತು ಅದು ಬಾರಿಸಿ ಮುಗಿಸಲಿ. ಹಳೆಯ ಯಂತ್ರಗಳು ಹನ್ನೆರಡು ಗಂಟೆಯಲ್ಲಿ 90 ಪೆಟ್ಟುಗಳನ್ನು ಒಂದು ಕಚ್ಚಿನ ಚಕ್ರದ ಲೆಕ್ಕದಲ್ಲಿ ಒಂದಾದ ಮೇಲೊಂದು ಬಾರಿಸುತ್ತವೆ, ಆ ಚಕ್ರಕ್ಕೆ ಮುಳ್ಳು ಎಲ್ಲಿದೆ ಎಂಬುದು ತಿಳಿಯದು. ನೀನು ಅವಸರ ಮಾಡಿದರೆ ಮುಳ್ಳು ಮೂರಕ್ಕಿದ್ದಾಗ ಗಂಟೆ ಏಳು ಬಾರಿಸುತ್ತದೆ. ಹಾಗಾದರೆ ಗಾಬರಿ ಬೇಡ, ಹಿಂದೆ ಆ ಚಕ್ರದ ಮೇಲೆ ಒರಗಿರುವ ಕೊಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಡು. ಎತ್ತಿದಾಗೊಮ್ಮೆ ಅದು ಮುಂದಿನ ಸರದಿ ಬಾರಿಸುತ್ತದೆ, ಮುಳ್ಳು ತೋರಿಸುವ ಗಂಟೆಗೆ ಬರುವವರೆಗೂ ಹಾಗೇ ಎತ್ತುತ್ತಾ ಹೋಗು.