ಮನೆಯ ಸೌರವಿದ್ಯುತ್ತಿಗೆ ಬ್ಯಾಟರಿಯ ಪ್ರಮಾಣವನ್ನು ಗೊತ್ತುಪಡಿಸುವ ಕ್ರಮ

ವಿದ್ಯುತ್ ತಂತಿಯು ದೂರವಿರುವ ತೋಟದ ಮನೆಗಳಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಏರ್ಪಾಡು ಈಗ ಸಾಮಾನ್ಯವಾಗಿದೆ. ಇದರಲ್ಲಿ ಬೇಗ ಕೆಡತಕ್ಕ ಭಾಗವು ಬ್ಯಾಟರಿಯೇ. ಫಲಕಗಳು ೨೫ ವರ್ಷ ಬಾಳಿದರೂ, ಅಳತೆತಪ್ಪಿ ಕೊಂಡ ಬ್ಯಾಟರಿಯು ಎರಡು ಮೂರು ವರ್ಷಗಳಲ್ಲಿಯೇ ನಿರುಪಯೋಗವಾಗುವುದುಂಟು. ಕಣಜವನ್ನು ಕಟ್ಟಿಸುವವನು ಮನೆಯ ಖರ್ಚನ್ನೂ ಮುಂದಿನ ಬೆಳೆಯವರೆಗಿನ ತಿಂಗಳುಗಳನ್ನೂ ಎಣಿಸುವಂತೆ, ಬ್ಯಾಟರಿಯನ್ನು ಕೊಳ್ಳುವವನೂ ಮೊದಲು ಲೆಕ್ಕ ಹಾಕತಕ್ಕದ್ದು.

೧. ದಿನದ ಖರ್ಚು.— ಉಪಕರಣದ ವಾಟ್ ಸಂಖ್ಯೆಯನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆಗಳು ದೊರೆಯುವುವು. ಸಾಧಾರಣವಾದ ಒಂದು ಮನೆಯ ಲೆಕ್ಕವು ಹೀಗಿರುವುದು :

೯ ವಾಟಿನ ೬ ಎಲ್‌ಇಡಿ ದೀಪಗಳು, ೫ ಗಂಟೆ — ೨೭೦
೬೦ ವಾಟಿನ ೨ ಫ್ಯಾನುಗಳು, ೮ ಗಂಟೆ — ೯೬೦
೬೦ ವಾಟಿನ ಟೆಲಿವಿಷನ್, ೪ ಗಂಟೆ — ೨೪೦
ಮೊಬೈಲ್ ಫೋನುಗಳು — ೩೦
ಒಟ್ಟು — ೧,೫೦೦ ವಾಟ್-ಗಂಟೆ

ಇನ್ವರ್ಟರಿನಲ್ಲಿ ನೂರಕ್ಕೆ ೧೫ರಷ್ಟು ನಷ್ಟವಾಗುವುದೆಂದು ಹಿಡಿದರೆ, ಬ್ಯಾಟರಿಯಿಂದ ದಿನಕ್ಕೆ ಸುಮಾರು ೧,೭೭೦ ವಾಟ್-ಗಂಟೆಗಳು ಬೇಕಾಗುವುವು. ೬೦ ವಾಟಿನ ಫ್ಯಾನುಗಳಿಗೆ ಬದಲಾಗಿ ೩೦ ವಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿಸಿದರೆ ಖರ್ಚಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಇಳಿಯುವುದು. ಬ್ಯಾಟರಿಯ ಪ್ರಮಾಣವೂ ಅಷ್ಟೇ ಇಳಿಯುವುದು.

೨. ಮೋಡದ ದಿನಗಳು.— ಬಯಲುಸೀಮೆಯಲ್ಲಿ ಎರಡು ದಿನಗಳ ಸಂಗ್ರಹವು ಸಾಕು. ಎರಡು ದಿನಕ್ಕೆ ೩,೫೪೦ ವಾಟ್-ಗಂಟೆಗಳಾದುವು. ಮಲೆನಾಡಿನಲ್ಲಿ ಮೂರು ದಿನಗಳಿಗೆ ಲೆಕ್ಕ ಹಿಡಿಯುವುದು ಯುಕ್ತ. ಆದರೆ ಆಷಾಢ ಶ್ರಾವಣಗಳ ಮಳೆಗೆಲ್ಲ ಸಾಲುವಷ್ಟು ಬ್ಯಾಟರಿಯನ್ನು ಕೊಳ್ಳುವುದು ವ್ಯರ್ಥವಾದ ವೆಚ್ಚ. ಆ ಕಾಲದಲ್ಲಿ ಖರ್ಚನ್ನು ಕಡಿಮೆಮಾಡುವುದೇ ಲೇಸು.

೩. ಬಳಸಬಹುದಾದ ಪಾಲು.— ಸೀಸ ಮತ್ತು ಆಮ್ಲದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಪದೇ ಪದೇ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದು. ಆದುದರಿಂದ ೩,೫೪೦ರ ಎರಡರಷ್ಟು, ಎಂದರೆ ೭,೦೮೦ ವಾಟ್-ಗಂಟೆಗಳ ಸಾಮರ್ಥ್ಯವು ಬೇಕು. ೧೨ ವೋಲ್ಟ್, ೧೫೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ೧,೮೦೦ ವಾಟ್-ಗಂಟೆಗಳಿರುವುದರಿಂದ ಈ ಮನೆಗೆ ಅಂತಹ ನಾಲ್ಕು ಬೇಕಾಗುವುವು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ೮೦ ಪಾಲನ್ನು ಬಳಸಬಹುದಾದುದರಿಂದ ೪,೪೨೫ ವಾಟ್-ಗಂಟೆಗಳೇ ಸಾಕು; ಕೊಳ್ಳುವಾಗ ಬೆಲೆ ಹೆಚ್ಚಾದರೂ ಅದರ ಬಾಳಿಕೆಯೂ ಹೆಚ್ಚು.

೪. ತುಂಬುವ ಶಕ್ತಿ.— ಕೆರೆಯು ದೊಡ್ಡದಾಗಿ ಕಾಲುವೆಯು ಕಿರಿದಾದರೆ ಪ್ರಯೋಜನವಿಲ್ಲ. ಮೇಲಿನ ನಾಲ್ಕು ಬ್ಯಾಟರಿಗಳಿಗೆ ೮೦೦ ವಾಟಿಗೆ ಕಡಿಮೆಯಿಲ್ಲದ ಫಲಕಗಳಿರಬೇಕು. ಆಗ ಒಳ್ಳೆಯ ಬಿಸಿಲಿನಲ್ಲಿ ಅಂದಂದಿನ ಖರ್ಚು ನಡೆದು, ಬರಿದಾದ ಪಾಲು ನಾಲ್ಕೈದು ದಿನಗಳಲ್ಲಿ ತುಂಬುವುದು. ಅರೆಬರೆ ತುಂಬಿಯೇ ಇರುವ ಸೀಸದ ಬ್ಯಾಟರಿಯು ಒಳಗೇ ಗಟ್ಟಿಗೊಂಡು ಕೆಡುವುದು.

೫. ನೀರಿನ ಪಂಪು.— ಇದನ್ನು ಮನೆಯ ಬ್ಯಾಟರಿಗೆ ಎಂದಿಗೂ ಜೋಡಿಸಕೂಡದು. ೫ ಅಶ್ವಶಕ್ತಿಯ ಪಂಪು ನಾಲ್ಕು ಗಂಟೆ ನಡೆದರೆ ಸುಮಾರು ೧೫,೦೦೦ ವಾಟ್-ಗಂಟೆಗಳು, ಎಂದರೆ ಮೇಲಿನ ಮನೆಯ ಹತ್ತು ದಿನಗಳ ಖರ್ಚು, ಒಮ್ಮೆಗೇ ತೀರುವುದು. ಪಂಪಿಗೆ ಬೇರೆ ಫಲಕಗಳನ್ನಿಟ್ಟು, ಬಿಸಿಲಿರುವಾಗಲೇ ನಡೆಯಿಸಿ, ನೀರನ್ನು ತೊಟ್ಟಿಯಲ್ಲಿ ಕೂಡಿಡತಕ್ಕದ್ದು.

ಸೀಸದ ಬ್ಯಾಟರಿಗೆ ಬಾವಿಯ ನೀರನ್ನು ಹಾಕದೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು; ಗಾಳಿಯಾಡುವ ಸ್ಥಳದಲ್ಲಿಟ್ಟು ಬೆಂಕಿಯನ್ನು ದೂರವಿಡಬೇಕು; ಹಳೆಯದರೊಡನೆ ಹೊಸದನ್ನು ಜೋಡಿಸಬಾರದು. ಗ್ರಾಮದ ಮುಖಂಡರು ತಮ್ಮ ಊರಿನವರು ಹಣ ಕೊಡುವುದಕ್ಕೆ ಮುಂಚೆ ಮಾರುವವನಿಂದ ಈ ಲೆಕ್ಕವನ್ನು ಬರೆಯಿಸಿ ತೆಗೆದುಕೊಳ್ಳುವಂತೆ ತಿಳಿಸಿದರೆ, ಸಾಲಮಾಡಿ ತಂದ ಬ್ಯಾಟರಿಯು ಸಾಲ ತೀರುವುದಕ್ಕೆ ಮೊದಲೇ ಕೆಡುವ ಕಷ್ಟವು ಬಹುಮಟ್ಟಿಗೆ ತಪ್ಪುವುದು.